ಡಿಮ್ ಇಲ್ಲ, ಬ್ರೈಟ್ ಇದೆ: ಒಂದು ಹೆಡ್‌ಲೈಟ್ ಪ್ರಕರಣ

ಕಾರಿನ ಎರಡೂ ಹೆಡ್‌ಲೈಟುಗಳ ಡಿಮ್ ಒಂದೇ ಸಲಕ್ಕೆ ಹೋಗಿತ್ತು. ಬ್ರೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ನಮ್ಮ ವರ್ಕ್‌ಶಾಪಿಗೆ ಬರುವ ಹೊತ್ತಿಗೆ ಆ ಕಾರು ಆಗಲೇ ಮೂರು ಕಡೆ ಹೋಗಿ ಬಂದಿತ್ತು. ಬಲ್ಬು, ಹೋಲ್ಡರ್, ಫ್ಯೂಸು ಎಲ್ಲವೂ ಬದಲಾಗಿದ್ದವು. ಮೂಲ ದೋಷ ಮಾತ್ರ ಹಾಗೇ ಕೂತಿತ್ತು, ಮೇಲಿಂದ ಎರಡು ಹೊಸ ದೋಷಗಳೂ ಸೇರಿಕೊಂಡಿದ್ದವು. ಅಳತೆ ಮಾಡದೆ ಸಾಮಾನು ಬದಲಿಸುತ್ತ ಹೋದರೆ ಒಂದು ಸಣ್ಣ ತೊಂದರೆ ಹೇಗೆ ಬೆಳೆಯುತ್ತದೆ ಅನ್ನೋದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಮಾಲೀಕರ ಒಪ್ಪಿಗೆ ಇದೆ. ಅವರ ಹೆಸರು, ಊರು, ಕಾರಿನ ಕಂಪನಿ, ಅಂಗಡಿಗಳ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ.

ಹಿನ್ನೆಲೆ

ಮಲೆನಾಡಿನ ಕಡೆಯ ಕಾರು. ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಮಾಲೀಕರಿಗೆ ಅಡಿಕೆ ತೋಟ ಇದೆ, ಜೊತೆಗೆ ಒಂದು ಕೆಲಸವೂ ಇದೆ. ವಾರದಲ್ಲಿ ಕೆಲವು ದಿನ ಘಟ್ಟದ ಕೆಳಗೆ ಹೋಗಿ ಕತ್ತಲಾದ ಮೇಲೆ ಆಗುಂಬೆ ಘಾಟಿ ಹತ್ತಿ ಬರಬೇಕು. ಆ ದಾರಿ ಕಂಡವರಿಗೆ ಹೇಳಬೇಕಾಗಿಲ್ಲ. 14 ಹೇರ್‌ಪಿನ್ ತಿರುವು, ರಸ್ತೆ ಅಗಲ ಕಡಿಮೆ, ಮಳೆಗಾಲದಲ್ಲಿ ಮಂಜು. ಬೀದಿದೀಪ ಇಲ್ಲ. ಅಲ್ಲಿ ಹೆಡ್‌ಲೈಟ್ ಇಲ್ಲದಿದ್ದರೆ ರಸ್ತೆಯೇ ಇಲ್ಲ.

ಕಾರಿನದು ಎಚ್4 ಬಲ್ಬು. ಒಂದೇ ಗಾಜಿನೊಳಗೆ ಎರಡು ತಂತಿ, ಹಿಂದೆ ಮೂರು ಪಿನ್ನು. ಕಂಪನಿ ಕೊಟ್ಟಿದ್ದು 60/55 ವ್ಯಾಟಿನದು. ಬ್ರೈಟಿಗೆ 60, ಡಿಮ್ಮಿಗೆ 55. ಎಡಗಡೆಗೆ ಒಂದು ಫ್ಯೂಸು, ಬಲಗಡೆಗೆ ಇನ್ನೊಂದು, ಎರಡೂ 15 ಆಂಪಿಯರಿನವು. ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇರಲಿಲ್ಲ. ಎರಡೂ ಬಲ್ಬಿನ ಕರೆಂಟು ಪೂರ್ತಿಯಾಗಿ ಸ್ಟೀರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ಚಿನೊಳಗಿನ ಪುಟ್ಟ ತಾಮ್ರದ ಕಾಂಟ್ಯಾಕ್ಟಿನ ಮೂಲಕವೇ ಹೋಗಬೇಕಿತ್ತು. ಹಳೆಯ ಸಣ್ಣ ಕಾರುಗಳಲ್ಲಿ ಇದು ಅಪರೂಪವೇನಲ್ಲ.

ಆಗಿದ್ದೇನು

ಜುಲೈ ತಿಂಗಳ ಒಂದು ಸಂಜೆ, ಘಾಟಿಯ ಬುಡದಲ್ಲೇ ಡಿಮ್ ಹೋಯಿತು. ಮಾಲೀಕರು ಬ್ರೈಟಿನಲ್ಲೇ ಮೇಲೆ ಹತ್ತಿದರು. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ, ಮುಂದೆ ಬರೀ ಬಿಳಿ ಪರದೆ. ಎದುರಿಗೆ ಬಂದ ಬಸ್ಸಿನವರು ಲೈಟ್ ಹೊಡೆದು ಹೊಡೆದು ಬೈದುಕೊಂಡು ಹೋದರಂತೆ. ಒಂದು ತಿರುವಿನಲ್ಲಿ ಇವರ ಬೆಳಕಿಗೆ ಎದುರಿನ ಬೈಕಿನವರು ಕಣ್ಣು ಕತ್ತಲೆ ಬಂದು ನಿಂತೇ ಬಿಟ್ಟರು. ಅದನ್ನು ಹೇಳುವಾಗ ಮಾಲೀಕರ ಧ್ವನಿ ಸಣ್ಣಗಾಯಿತು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಘಾಟಿಗೆ ಮೊದಲೇ ಡಿಮ್ ಹೋದರೆ ಹತ್ತಬೇಡಿ. ಕೆಳಗೇ ನಿಂತು ಯಾರಿಗಾದರೂ ಫೋನ್ ಮಾಡಿ, ಬೇಕಾದರೆ ರಾತ್ರಿ ಉಳಿದುಕೊಳ್ಳಿ.

ಮರುದಿನ ಮೊದಲನೇ ಅಂಗಡಿ. ಅಲ್ಲಿ ಎರಡೂ ಬಲ್ಬು ಬದಲಿಸಿದರು. ಹೇಗಿದ್ದರೂ ಹೊಸದು ಹಾಕ್ತಿದ್ದೀರಿ, ಘಾಟಿ ರಸ್ತೆಗೆ ಜಾಸ್ತಿ ಬೆಳಕಿರಲಿ ಅಂತ 100/90 ವ್ಯಾಟಿನದು ಕೊಟ್ಟರು. ಹಾಕಿ ಸ್ವಿಚ್ಚು ನಾಲ್ಕು ಸಲ ಆ ಕಡೆ ಈ ಕಡೆ ತಿರುಗಿಸಿದರು, ಲೈಟು ಬಂತು. ಎಲ್ಲರಿಗೂ ಸಮಾಧಾನ. ತೆಗೆದ ಬಲ್ಬುಗಳನ್ನು ಯಾರೂ ಬೆಳಕಿಗೆ ಹಿಡಿದು ನೋಡಲಿಲ್ಲ. ಪುಣ್ಯಕ್ಕೆ ಮಾಲೀಕರು ಅವನ್ನು ಎಸೆಯದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು.

ಸ್ವಲ್ಪ ದಿನ ಎಲ್ಲ ಸರಿ ಇತ್ತು. ಆಮೇಲೆ ಎಡಗಡೆ ಲೈಟು ಪೂರ್ತಿ ಹೋಯಿತು, ಡಿಮ್ಮೂ ಇಲ್ಲ ಬ್ರೈಟೂ ಇಲ್ಲ. ಎರಡನೇ ಗ್ಯಾರೇಜಿನಲ್ಲಿ ನೋಡಿದರೆ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿತ್ತು. ಹಿಂದಿನ ವೈರಿನ ಇನ್ಸುಲೇಷನ್ ಕರಗಿ ತಂತಿ ಕಾರಿನ ಬಾಡಿಯ ಲೋಹಕ್ಕೆ ತಾಗಿತ್ತು, ಫ್ಯೂಸು ಹೋಗಿತ್ತು. ಹೊಸ ಹೋಲ್ಡರ್ ಹಾಕಿದರು. ಆದರೆ 15ರ ಫ್ಯೂಸು ಕೈಗೆ ಸಿಗಲಿಲ್ಲ ಅಂತ 30ರದ್ದು ಕೂರಿಸಿದರು. ನೀಲಿ ಫ್ಯೂಸಿನ ಜಾಗದಲ್ಲಿ ಹಸಿರು ಫ್ಯೂಸು. ಈ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಇದೇ. ಫ್ಯೂಸು ಕಾಯುವುದು ವೈರನ್ನು. ಕಾರಿನ ಒಳಗಿನ ವೈರು 15 ಆಂಪಿಯರಿಗೆ ಲೆಕ್ಕ ಹಾಕಿ ಎಳೆದದ್ದು. 30 ಹಾಕಿದರೆ ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ವೈರೇ ಸುಡಬಹುದು, ಅದೂ ಬಾನೆಟ್ಟಿನ ಕೆಳಗೆ, ಎಣ್ಣೆ ಪೆಟ್ರೋಲಿನ ಪಕ್ಕದಲ್ಲಿ.

ಇದಾದ ಕೆಲವೇ ದಿನಕ್ಕೆ ಮತ್ತೆ ಎರಡೂ ಕಡೆಯ ಡಿಮ್ ಹೋಯಿತು. ಮೂರನೆಯವರು ಎರಡೂ ಹೋಲ್ಡರ್ ಕಳಚಿ, ಎಲ್‌ಇಡಿ ಇರುವ ಟೆಸ್ಟರ್ ಹಿಡಿದು ನೋಡಿದರು. ಟೆಸ್ಟರ್ ಉರಿಯಿತು. "ಹೋಲ್ಡರ್‌ವರೆಗೆ ಕರೆಂಟ್ ಬರ್ತಿದೆ, ಬಲ್ಬೇ ಹೋಗಿದೆ" ಅಂದರು. ಮತ್ತೆ ಹೊಸ ಬಲ್ಬು. ಈ ಸಲ ಲೈಟು ಬರಲಿಲ್ಲ. ಹಾಗಾದರೆ ಮುಂದಿನ ವೈರಿಂಗ್ ಪೂರ್ತಿ ಬದಲಿಸಬೇಕು ಅಂತ ಒಂದು ದೊಡ್ಡ ಮೊತ್ತ ಹೇಳಿದರು. ಆಗ ಮಾಲೀಕರು ನಮ್ಮ ಹತ್ತಿರ ಬಂದರು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು

ನಾವು ಮೊದಲು ಮಾಡಿದ್ದು ಮಾತಾಡಿಸೋದು. ಡಿಮ್ ಪೂರ್ತಿ ಹೋಗುವ ಮೊದಲು ಏನಾದರೂ ವ್ಯತ್ಯಾಸ ಕಂಡಿತ್ತಾ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: ಜೂನ್‌ನಿಂದಲೇ ಗುಂಡಿಗೆ ಇಳಿದಾಗ ಡಿಮ್ ಮಿಣುಕ್ ಅನ್ನುತ್ತಿತ್ತು. ಲೈಟಿನ ಕಡ್ಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ಬರುತ್ತಿತ್ತು. ಒಂದೆರಡು ಸಲ ಸ್ಟೀರಿಂಗ್ ಹತ್ತಿರ ಸುಟ್ಟ ಪ್ಲಾಸ್ಟಿಕ್ ವಾಸನೆಯೂ ಬಂದಿತ್ತು. "ಅದನ್ನ ಯಾರೂ ಕೇಳ್ಲೇ ಇಲ್ಲ ಮಾರಾಯ್ರೆ, ನಾನೂ ಹೇಳ್ಲಿಲ್ಲ" ಅಂದರು.

ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಮುಗಿಯಿತು. ಕಡ್ಡಿ ಅಲ್ಲಾಡಿಸಿದರೆ ಬರುವ ಲೈಟು ಬಲ್ಬಿನ ದೋಷ ಅಲ್ಲ ತಾನೇ?

ಆದರೂ ಊಹೆ ಮೇಲೆ ಸ್ವಿಚ್ಚು ಬಿಚ್ಚೋದು ಬೇಡ ಅಂತ ತೀರ್ಮಾನಿಸಿದೆವು. ಮೊದಲೇ ಮೂರು ಸಲ ಊಹೆಯ ಮೇಲೆ ಖರ್ಚಾಗಿತ್ತು. ಡಬ್ಬಿಯಲ್ಲಿದ್ದ ಹಳೆಯ ಬಲ್ಬು ತೆಗೆಸಿ ನೋಡಿದೆವು. ಗಾಜು ತಿಳಿಯಾಗಿತ್ತು, ಒಳಗೆ ಎರಡೂ ತಂತಿ ಇಡಿಯಾಗಿದ್ದವು. ಮೀಟರಿನಲ್ಲಿ ಡಿಮ್ ತಂತಿ ಅರ್ಧ ಓಮ್‌ಗೂ ಕಡಿಮೆ ತೋರಿಸಿತು. ತಣ್ಣಗಿರುವಾಗ ಒಳ್ಳೆ ಬಲ್ಬು ಹಾಗೇ ತೋರಿಸಬೇಕು. ಬ್ಯಾಟರಿಗೆ ನೇರ ಹಿಡಿದರೆ ಎರಡೂ ಉರಿದವು. ಅಂದರೆ ಮೊದಲ ದಿನವೇ ಬಲ್ಬು ಬದಲಿಸುವ ಅಗತ್ಯ ಇರಲಿಲ್ಲ. ಆ ಅಂಗಡಿಯಲ್ಲಿ ಲೈಟು ಬಂದದ್ದು ಸ್ವಿಚ್ಚನ್ನು ನಾಲ್ಕು ಸಲ ತಿರುಗಿಸಿದ್ದಕ್ಕೆ.

ಆಮೇಲೆ ಲೆಕ್ಕಾಚಾರ. ಈ ಕಾರಿನಲ್ಲಿ ಫ್ಯೂಸಿನಿಂದ ಬರುವ 12 ವೋಲ್ಟು ನೇರವಾಗಿ ಬಲ್ಬಿನ ಎರಡೂ ತಂತಿಗೆ ಸೇರಿದ ಕಾಮನ್ ಪಿನ್ನಿಗೆ ಬರುತ್ತದೆ. ಡಿಮ್ಮಿನ ಪಿನ್ನು, ಬ್ರೈಟಿನ ಪಿನ್ನು ಎರಡೂ ಸ್ವಿಚ್ಚಿಗೆ ಹೋಗಿ ಅಲ್ಲಿಂದ ಬಾಡಿ ಅರ್ತಿಂಗ್ ಆಗುತ್ತವೆ, ಅಂದರೆ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಸೇರುತ್ತವೆ. ಸ್ವಿಚ್ಚು ಇರುವುದು ಅರ್ತಿಂಗ್ ಕಡೆಗೆ. ಇದು ಗೊತ್ತಿಲ್ಲದೆ ಟೆಸ್ಟರಿನ ಕ್ಲಿಪ್ಪನ್ನು ಬಾಡಿಯ ಲೋಹಕ್ಕೆ ಹಾಕಿ ಹುಡುಕಿದರೆ ತಲೆ ಕೆಡುತ್ತದೆ, ಬಲ್ಬು ಕೂತಿದ್ದರೆ ಮೂರೂ ಪಿನ್ನಿನಲ್ಲಿ ಕರೆಂಟು ಕಾಣುತ್ತದೆ. ಈಗ ನೋಡಿ. ಬ್ರೈಟ್ ಎರಡೂ ಕಡೆ ಉರಿಯುತ್ತಿದೆ. ಹಾಗಾದರೆ ಬ್ಯಾಟರಿ ಸರಿ, ಫ್ಯೂಸು ಎರಡೂ ಸರಿ, ಕಾಮನ್ ವೈರು ಸರಿ, ಸ್ವಿಚ್ಚಿನ ಅರ್ತಿಂಗೂ ಸರಿ. ಉಳಿದದ್ದು ಡಿಮ್ಮಿಗೆ ಮಾತ್ರ ಸೇರಿದ ದಾರಿ. ಎರಡೂ ಕಡೆ ಒಟ್ಟಿಗೆ ಹೋಗಿದೆ ಅಂದರೆ ಎರಡೂ ವೈರು ಸೇರಿದ ಮೇಲಿನ ಭಾಗ. ಅಲ್ಲಿರುವುದು ವೈರುಗಳನ್ನು ಸ್ವಿಚ್ಚಿಗೆ ಜೋಡಿಸುವ ಒಂದು ಕಪ್ಲರ್, ಸ್ವಿಚ್ಚಿನೊಳಗೆ ಒಂದು ಕಾಂಟ್ಯಾಕ್ಟು. ಇಷ್ಟನ್ನು ತಿಳಿಯಲು ಒಂದು ನಟ್ಟೂ ಬಿಚ್ಚಬೇಕಾಗಿರಲಿಲ್ಲ.

ತಿರುವು: ಲೋಡ್ ಹಾಕಿ ಅಳೆದಾಗ

ಮೂರನೆಯವರ ಟೆಸ್ಟರ್ ಯಾಕೆ ಉರಿಯಿತು ಅನ್ನುವ ಪ್ರಶ್ನೆ ಉಳಿದಿತ್ತು. ಅದನ್ನು ಮಾಲೀಕರ ಎದುರೇ ಮಾಡಿ ತೋರಿಸಿದೆವು.

ಎರಡೂ ಕಡೆಯ ಹೋಲ್ಡರ್ ಕಳಚಿ, ಡಿಮ್ ಹಾಕಿ, ಕಾಮನ್ ಪಿನ್ನಿಗೂ ಡಿಮ್ ಪಿನ್ನಿಗೂ ಮೀಟರ್ ಹಿಡಿದೆವು. 12.3 ವೋಲ್ಟು. ಪೂರ್ತಿ ಇದೆ. ಹೋಲ್ಡರುಗಳನ್ನು ಮತ್ತೆ ಬಲ್ಬಿಗೆ ಸಿಕ್ಕಿಸಿ, ಅಂದರೆ ಲೋಡ್ ಹಾಕಿ, ಮೀಟರಿನ ಮುಳ್ಳನ್ನು ಹಿಂಬದಿಯಿಂದ ತೂರಿಸಿ ಮತ್ತೆ ಅಳೆದೆವು. 2 ವೋಲ್ಟಿಗೂ ಕಡಿಮೆ. ಆಮೇಲೆ ಮೀಟರಿನ ಒಂದು ಮುಳ್ಳು ಡಿಮ್ ವೈರಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. ಅಲ್ಲಿ 10 ವೋಲ್ಟು ನಿಂತಿತ್ತು. ಕಾಂಟ್ಯಾಕ್ಟು ಸರಿಯಿದ್ದರೆ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಿತ್ತು. ಅದೇ ಅಳತೆ ಬ್ರೈಟಿಗೆ ಮಾಡಿದಾಗ ಸ್ವಲ್ಪ ಜಾಸ್ತಿ ಇದ್ದರೂ ಈ ಮಟ್ಟಕ್ಕೆ ಇರಲಿಲ್ಲ.

ಮಾಲೀಕರಿಗೆ ಅರ್ಥವಾಗಲಿ ಅಂತ ಅವರ ತೋಟದ ಸ್ಪ್ರಿಂಕ್ಲರ್ ಪೈಪಿನ ಮಾತು ತೆಗೆದೆ. ಪೈಪಿನೊಳಗೆ ಕಸ ಕಟ್ಟಿದ್ದರೂ ಮುಂದಿನ ವಾಲ್ವು ಮುಚ್ಚಿದ್ದಾಗ ಗೇಜು ಪೂರ್ತಿ ಪ್ರೆಷರ್ ತೋರಿಸುತ್ತದೆ. ವಾಲ್ವು ಬಿಟ್ಟ ಕೂಡಲೇ ನೀರು ಜಿನುಗುತ್ತದೆ ಅಷ್ಟೆ. ಎಲ್‌ಇಡಿ ಟೆಸ್ಟರಿಗೂ ಮೀಟರಿಗೂ ಬೇಕಾಗುವ ಕರೆಂಟು ತೀರಾ ಕಡಿಮೆ, ಸುಟ್ಟ ಕಾಂಟ್ಯಾಕ್ಟು ಅಷ್ಟನ್ನು ಬಿಟ್ಟುಕೊಡುತ್ತದೆ. ಎರಡು ಬಲ್ಬು ಸೇರಿ ಹತ್ತು ಹದಿನೈದು ಆಂಪಿಯರ್ ಕೇಳಿದಾಗ ಕೈ ಎತ್ತುತ್ತದೆ. ಬಲ್ಬಿನ ಟೆಸ್ಟ್ ಲ್ಯಾಂಪ್ ಇಟ್ಟುಕೊಳ್ಳಿ ಅಂತ ಹಳೆಯ ಎಲೆಕ್ಟ್ರಿಷಿಯನ್ನರು ಹೇಳೋದು ಇದಕ್ಕೇ. ಒಂದು ಹಳೆ ಹೆಡ್‌ಲೈಟ್ ಬಲ್ಬಿಗೆ ಎರಡು ವೈರು ಬೆಸೆದುಕೊಂಡರೆ ಅದಕ್ಕಿಂತ ಒಳ್ಳೆಯ ಟೆಸ್ಟ್ ಲ್ಯಾಂಪ್ ಇಲ್ಲ.

ಆ ಅಳತೆ ನಡೆಯುತ್ತಿದ್ದ ಸ್ವಲ್ಪ ಹೊತ್ತಿನಲ್ಲೇ ಸ್ಟೀರಿಂಗ್ ಕೆಳಗಿನ ಕವರ್ ಬೆಚ್ಚಗಾಯಿತು. ಬಲ್ಬಿಗೆ ಹೋಗಬೇಕಿದ್ದ ಶಕ್ತಿ ಸ್ವಿಚ್ಚಿನೊಳಗೆ ಶಾಖವಾಗುತ್ತಿತ್ತು. ಕೂಡಲೇ ಲೈಟು ಆಫ್ ಮಾಡಿದೆವು.

ಬ್ಯಾಟರಿ ನೆಗೆಟಿವ್ ಕಳಚಿ ಕವರ್ ತೆಗೆದೆವು. (ಸ್ಟೀರಿಂಗಿನಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಕಳಚಿದ ಮೇಲೂ ಕಂಪನಿ ಹೇಳಿದಷ್ಟು ಹೊತ್ತು ಕಾಯಲೇಬೇಕು. ಗೊತ್ತಿಲ್ಲದವರು ಅಲ್ಲಿಗೆ ಕೈ ಹಾಕಬಾರದು.) ಕಪ್ಲರಿನಲ್ಲಿ ಡಿಮ್ಮಿನ ವೈರು ಮಾತ್ರ ಬಣ್ಣಗೆಟ್ಟಿತ್ತು. ಇನ್ಸುಲೇಷನ್ ಒಣಗಿದ ಹಪ್ಪಳದ ಹಾಗೆ ಗಟ್ಟಿಯಾಗಿ, ಬಾಗಿಸಿದರೆ ಸೀಳುತ್ತಿತ್ತು. ಸ್ವಿಚ್ಚು ತೆರೆದಾಗ ಕಾಂಟ್ಯಾಕ್ಟು ಕರ್ರಗೆ, ನಡುವೆ ಗುಳಿ ಬಿದ್ದಿತ್ತು. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕುಸಿದಿತ್ತು. ಹಾಗಾಗಿ ಕಡ್ಡಿ ಸರಿಯಾಗಿ ಕೂತರೂ ಒಳಗೆ ತಾಮ್ರ ತಾಮ್ರಕ್ಕೆ ಒತ್ತುತ್ತಿರಲಿಲ್ಲ.

ಇಲ್ಲಿ ನ್ಯಾಯವಾಗಿ ಒಂದು ಮಾತು. ಕಾಂಟ್ಯಾಕ್ಟು ಕೆಡಲು ಶುರುವಾದದ್ದು 100/90 ಬಲ್ಬಿನಿಂದ ಅಲ್ಲ, ಅದಕ್ಕೂ ಮೊದಲೇ. ಹನ್ನೊಂದು ವರ್ಷ ಸುಮಾರು 9 ಆಂಪಿಯರ್ ಹೊತ್ತು ಸವೆದಿತ್ತು. ಮಲೆನಾಡಿನ ತೇವವೂ ಸೇರಿರಬಹುದು. ಆದರೆ 90 ವ್ಯಾಟಿನ ಎರಡು ಬಲ್ಬು ಹಾಕಿದಾಗ ಆ 9 ಆಂಪಿಯರ್ 15 ಆಯಿತು. ಕಾಂಟ್ಯಾಕ್ಟಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತದೆ. ಅಂದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಇನ್ನೂ ಸ್ವಲ್ಪ ಕಾಲ ತಳ್ಳಬಹುದಾಗಿದ್ದ ಸ್ವಿಚ್ಚು ಕೆಲವೇ ವಾರಗಳಲ್ಲಿ ಸುಟ್ಟಿತು. ಎಡಗಡೆ ಹೋಲ್ಡರ್ ಕರಗಿದ್ದೂ ಅದೇ ಬಿಸಿಗೆ.

ಏನು ಮಾಡೋದು ಅನ್ನುವ ಚರ್ಚೆ

ಮೂರು ದಾರಿ ಇದ್ದವು. ಕಾಂಟ್ಯಾಕ್ಟನ್ನು ಎಮರಿ ಪೇಪರಿನಲ್ಲಿ ಉಜ್ಜಿ ಮುಚ್ಚೋದು ಮೊದಲನೆಯದು. ಅವತ್ತೇ ಲೈಟು ಬರುತ್ತದೆ, ಖರ್ಚೂ ಕಡಿಮೆ. ಆದರೆ ಉಜ್ಜಿದ ಮೇಲೆ ಮೈ ತರಿತರಿಯಾಗಿ ಬೇಗ ಸುಡುತ್ತದೆ, ಕುಸಿದ ಪ್ಲಾಸ್ಟಿಕ್ಕೂ ಹಾಗೇ ಇರುತ್ತದೆ. ಘಾಟಿಯಲ್ಲಿ ಓಡಿಸುವವರಿಗೆ ಅಂಥ ಕೆಲಸ ಮಾಡಿಕೊಡಲು ನನಗೆ ಮನಸ್ಸಿಲ್ಲ. ಎರಡನೆಯದು ಹೊಸ ಸ್ವಿಚ್ಚು ಮಾತ್ರ ಹಾಕೋದು. 100/90 ಬಲ್ಬು ಉಳಿದರೆ ಇದೇ ಕಥೆ ಮತ್ತೆ ಬರುತ್ತದೆ. ಮೂರನೆಯದು ಹೊಸ ಸ್ವಿಚ್ಚು, ರಿಲೇ, 60/55 ಬಲ್ಬು, ಸರಿಯಾದ ಫ್ಯೂಸು.

ಮಾಲೀಕರು ಮೂರನೆಯದಕ್ಕೆ ಒಪ್ಪಿದರು, ಬಲ್ಬಿನ ವಿಷಯ ಬಿಟ್ಟು. "ನಮ್ಮ ರಸ್ತೇಲಿ 55 ಎಲ್ಲಿ ಸಾಕಾಗುತ್ತೆ? ಮೊದಲೂ ಮಂಕಾಗೇ ಇತ್ತು" ಅಂದರು. ಅವರ ಮಾತಿನಲ್ಲಿ ಸತ್ಯ ಇತ್ತು. ಮಂಕಾಗಿದ್ದದ್ದು ನಿಜ, ಕಾರಣ ಬೇರೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟು ಇತ್ತು. ಸರಿಯಾಗಿ ಉರಿಯುತ್ತಿದ್ದ ಬ್ರೈಟ್ ಬಲ್ಬಿನ ಬಳಿ ಅಳೆದರೆ 12.3. ಉದ್ದದ ತೆಳು ವೈರು, ಹಳೆ ಸ್ವಿಚ್ಚು, ಕಪ್ಲರ್‌ಗಳು ಸುಮಾರು ಒಂದೂ ಮುಕ್ಕಾಲು ವೋಲ್ಟು ತಿಂದಿದ್ದವು. ಹಳೆ ಮಾದರಿಯ ಬಲ್ಬಿನಲ್ಲಿ ವೋಲ್ಟೇಜ್ 10% ಇಳಿದರೆ ಬೆಳಕು ಸುಮಾರು 30% ಇಳಿಯುತ್ತದೆ. ಬಲ್ಬಿನ ವ್ಯಾಟು ಏರಿಸಿದರೆ ದಾರಿಯಲ್ಲಿ ಕಳೆಯುವುದೂ ಏರುತ್ತದೆ. ದಾರಿ ಸರಿ ಮಾಡಿದರೆ 55 ವ್ಯಾಟೇ ಬೇರೆ ತರ ಕಾಣುತ್ತದೆ. ಕತ್ತಲಾದ ಮೇಲೆ ಗೋಡೆ ಎದುರು ನಿಲ್ಲಿಸಿ ನೋಡೋಣ, ಒಪ್ಪಿಗೆ ಆಗದಿದ್ದರೆ ಆಮೇಲೆ ಮಾತಾಡೋಣ ಅಂದೆ.

ರಿಲೇ ಕೆಲಸ ಕಷ್ಟದ್ದೇನಲ್ಲ. ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು, ನಾಲ್ಕು ಪಿನ್ನಿನ ಸಾಮಾನ್ಯ ರಿಲೇ. ಹಳೆಯ ಹೋಲ್ಡರಿನ ಕಾಮನ್ ವೈರು ಮತ್ತು ಡಿಮ್ ವೈರು ಈಗ ಬಲ್ಬಿಗೆ ಹೋಗುವ ಬದಲು ರಿಲೇಯ 85, 86ನೇ ಪಿನ್ನಿಗೆ. ಬ್ಯಾಟರಿಯಿಂದ ಫ್ಯೂಸಿನ ಮೂಲಕ 30ನೇ ಪಿನ್ನಿಗೆ, 87ರಿಂದ ಬಲ್ಬಿಗೆ. ಬಲ್ಬಿನ ಅರ್ತಿಂಗ್ ಹೊಸದಾಗಿ, ಬಣ್ಣ ಕೆರೆದ ಬೋಲ್ಟಿಗೆ. 2.5 ಚದರ ಮಿ.ಮೀ. ವೈರು, ಸೆರಾಮಿಕ್ ಹೋಲ್ಡರ್. ರಿಲೇಯ ಕಾಯಿಲ್ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ, ಸ್ವಿಚ್ಚಿಗೆ ಇನ್ನು ಅಷ್ಟೇ ಹೊರೆ. ಎರಡು ವಿಷಯದಲ್ಲಿ ಸೋಮಾರಿತನ ಮಾಡಬಾರದು. ಫ್ಯೂಸು ಬ್ಯಾಟರಿಗೆ ಹತ್ತಿರ ಇರಬೇಕು, ಇಲ್ಲದಿದ್ದರೆ ಫ್ಯೂಸಿಗೆ ಮೊದಲಿನ ವೈರಿಗೆ ರಕ್ಷಣೆ ಇಲ್ಲ. ರಿಲೇಯನ್ನು ಪಿನ್ನು ಕೆಳಮುಖವಾಗಿ ಕೂರಿಸಬೇಕು, ನೀರು ನಿಲ್ಲಬಾರದು.

ಒಂದು ತೊಡಕು ಬಂತು. ರಿಲೇ ಹಾಕಿದ ಮೇಲೆ ಡ್ಯಾಶ್‌ಬೋರ್ಡಿನ ನೀಲಿ ಬ್ರೈಟ್ ದೀಪ ಸರಿಯಾಗಿ ಉರಿಯಲಿಲ್ಲ, ಮಂಕಾಗಿ ಕಾಣುತ್ತಿತ್ತು. ಸ್ವಿಚ್ಚು ಅರ್ತಿಂಗ್ ಕಡೆ ಇರುವ ಕಾರುಗಳಲ್ಲಿ ಹೀಗಾಗೋದುಂಟು. ಆ ಪುಟ್ಟ ದೀಪಕ್ಕೆ ಕರೆಂಟು ಡಿಮ್ ತಂತಿಯ ಮೂಲಕ ಬರುತ್ತಿತ್ತು, ಈಗ ಅಲ್ಲಿ ರಿಲೇ ಕಾಯಿಲ್ ಕೂತಿದೆ. ಬೇರೆ ವೈರು ಕೊಟ್ಟು ಸರಿ ಮಾಡಿದೆವು. ಹೋಗಲಿ ಬಿಡಿ ಅಂತ ಮಾಲೀಕರು ಹೇಳಿದ್ದರು, ನಾವು ಬಿಡಲಿಲ್ಲ. ಬ್ರೈಟ್ ಹಾಕಿದ್ದು ಗೊತ್ತಾಗದಿದ್ದರೆ ತೊಂದರೆ ಎದುರಿನವರಿಗೆ.

ಫಲಿತಾಂಶ

ರಾತ್ರಿ ಗೋಡೆ ಎದುರು ನಿಲ್ಲಿಸಿದೆವು. ಬಲ್ಬಿನ ಬಳಿ ಈಗ 13.6 ವೋಲ್ಟು. ಹಳದಿಗಟ್ಟಿದ್ದ ಹೆಡ್‌ಲೈಟ್ ಪ್ಲಾಸ್ಟಿಕ್ಕನ್ನೂ ಪಾಲಿಶ್ ಮಾಡಿದ್ದೆವು. 10 ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗೆ ಬರುವಂತೆ ಸ್ಕ್ರೂ ತಿರುಗಿಸಿ ಹೊಂದಿಸಿದೆವು. ಬಲಗಡೆ ಲೈಟು ಮೊದಲು ಸೀದಾ ಮರದ ಕೊಂಬೆ ನೋಡುತ್ತಿತ್ತು, ಅದೂ ರಸ್ತೆಗೆ ಇಳಿಯಿತು. ಮಾಲೀಕರು ಸುಮ್ನೆ ಸ್ವಲ್ಪ ಹೊತ್ತು ನೋಡಿ, 100/90 ಬಲ್ಬಿನ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ಮಳೆಗಾಲ ಮುಗಿದ ಮೇಲೆ ಸರ್ವೀಸಿಗೆ ಬಂದಾಗ ಮತ್ತೆ ಅಳೆದೆವು, ಅಳತೆ ಹಾಗೇ ಇತ್ತು. ಖರ್ಚಿನ ಲೆಕ್ಕ ಅವರೇ ಹಾಕಿದ್ದರು: ಮೊದಲ ಮೂರು ಕಡೆ ಕೊಟ್ಟದ್ದು ಸೇರಿಸಿದರೆ ನಮ್ಮ ಬಿಲ್ಲಿಗಿಂತ ಜಾಸ್ತಿ.

ಬೇರೆ ಕಾರಿನಲ್ಲಿ ಲಕ್ಷಣ ಬೇರೆ ಇರಬಹುದು, ಹುಡುಕುವ ಜಾಗವೂ ಬೇರೆ. ಒಂದೇ ಕಡೆಯ ಡಿಮ್ ಹೋಗಿದ್ದರೆ ಮೊದಲು ಬಲ್ಬೇ, ಎರಡೂ ಕಡೆಯ ಬಲ್ಬನ್ನು ಅದಲುಬದಲು ಮಾಡಿದರೆ ತಕ್ಷಣ ಗೊತ್ತಾಗುತ್ತದೆ. ಒಂದು ಕಡೆ ಪೂರ್ತಿ ಸತ್ತಿದ್ದರೆ ಆ ಕಡೆಯ ಫ್ಯೂಸು, ಹೋಲ್ಡರ್, ಅರ್ತಿಂಗ್. ಎರಡೂ ಕಡೆ ಡಿಮ್ಮೂ ಬ್ರೈಟೂ ಇಲ್ಲವಾದರೆ ಮೇನ್ ಫ್ಯೂಸು, ರಿಲೇ ಇದ್ದರೆ ರಿಲೇ, ಇಲ್ಲವೇ ಸ್ವಿಚ್ಚು. ಇಂಜಿನ್ ರೇಸ್ ಮಾಡಿದಾಗ ಮಾತ್ರ ಬೆಳಕು ಏರಿದರೆ ಹೆಡ್‌ಲೈಟ್ ಬಿಟ್ಟು ಬ್ಯಾಟರಿ, ಆಲ್ಟರ್ನೇಟರ್ ನೋಡಿ. ಹೊಸ ಕಾರುಗಳಲ್ಲಿ ಲೈಟನ್ನು ನಡೆಸುವುದು ಕಂಪ್ಯೂಟರ್. ಅಲ್ಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಕಂಡಕಂಡಲ್ಲಿ ಚುಚ್ಚಿದರೆ ಮಾಡ್ಯೂಲ್ ಹಾಳಾಗಬಹುದು, ಸ್ಕ್ಯಾನರ್ ಇರುವವರ ಹತ್ತಿರ ಹೋಗೋದೇ ವಾಸಿ.

ಈ ಕಾರಿನ ಫ್ಯೂಸ್ ಡಬ್ಬಿಯನ್ನು ಮುಚ್ಚುವ ಮೊದಲು ಮುಚ್ಚಳದ ಒಳಗಿನ ಚಿತ್ರ ಹಿಡಿದುಕೊಂಡು ಪ್ರತಿ ಫ್ಯೂಸನ್ನೂ ತಾಳೆ ನೋಡಿದೆವು. ಹಾರ್ನಿನ ಜಾಗದಲ್ಲೂ ಯಾರೋ ಹೆಚ್ಚಿನದ್ದು ಹಾಕಿದ್ದರು. ಅದನ್ನೂ ಸರಿಪಡಿಸಿದೆವು. ನಿಮ್ಮ ಕಾರು ಬೇರೆಯವರ ಕೈಯಲ್ಲಿ ಓಡಿ ಬಂದದ್ದಾದರೆ ಇದನ್ನು ಇವತ್ತೇ ನೋಡಬಹುದು. ಚಿತ್ರದಲ್ಲಿ ಇರುವ ಸಂಖ್ಯೆ, ಫ್ಯೂಸಿನ ತಲೆಯ ಮೇಲಿನ ಸಂಖ್ಯೆ ಎರಡೂ ಒಂದೇ ಇರಬೇಕು. 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು.